ಅಡಿರಾಂಡ್ಯಾಕ್ ಕಾಡಲ್ಲಿ ಬಿಟ್ಟಿ ಟೆಂಟ್ ಜಾಗ: ಅಪ್ಪ-ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಹೊಸನಗರದವಳು, ಎಡಿಸನ್, ನ್ಯೂಜೆರ್ಸಿ · ಜೂನ್ 9

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಊರಿಂದ ಬಂದು ಒಂದು ತಿಂಗಳಾಯ್ತು. ನಯಾಗರ ಆಯ್ತು, ಎರಡು ದೇವಸ್ಥಾನ ಆಯ್ತು, ಮಾಲ್‌ಗಳಂತೂ ಲೆಕ್ಕ ಇಲ್ಲ. ಮೊನ್ನೆ ಅಪ್ಪ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ಲಾಟ್ ನೋಡ್ತಾ, "ಈ ದೇಶದಲ್ಲಿ ಕಾಡು ಅಂತ ಒಂದಿದೆಯೇನೇ, ಅಥವಾ ಪೂರ್ತಿ ಟಾರು ಹಾಕಿ ಮುಗಿಸಿದಾರಾ?" ಅಂದ್ರು. ಅಡಿಕೆ ತೋಟದ ಮನುಷ್ಯ, ಪಾಪ, ಅವರಿಗೆ ಬೇಜಾರು ಬಂದುಹೋಗಿದೆ.

ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರೋ ಅಡಿರಾಂಡ್ಯಾಕ್ ಕಾಡಲ್ಲಿ ದುಡ್ಡು ಕೊಡದೆ, ಬುಕಿಂಗ್ ಮಾಡದೆ ಟೆಂಟ್ ಹಾಕಬಹುದು ಅಂತ ಆಫೀಸಲ್ಲಿ ಒಬ್ಬರು ಹೇಳಿದ್ರು. ನಿಜವಾ? ನಾವು ಐದು ಜನ: ನಾನು, ನಮ್ಮೆಜಮಾನ್ರು, ಎಂಟು ವರ್ಷದ ಮಗಳು, 68ರ ಅಪ್ಪ, ಮಂಡಿ ನೋವಿನ ಅಮ್ಮ. ಜುಲೈಯಲ್ಲಿ ಎರಡು ರಾತ್ರಿ. ಕರಡಿ ಬಗ್ಗೆ ಯೋಚನೆ ಇದೆ. ಅದಕ್ಕಿಂತ ಹೆಚ್ಚು ಅಮ್ಮನ ಬಾತ್‌ರೂಮಿನ ಯೋಚನೆ.

ಕಾಡುಪಾಪ, ಆಲ್ಬನಿ · ಜೂನ್ 9

ನಿಜ ಮೇಡಂ, ಧಾರಾಳವಾಗಿ ಹೋಗಿ. ಹತ್ತು ಹನ್ನೆರಡು ವರ್ಷದಿಂದ ಅಲ್ಲಿ ಮಲಗಿ ಎದ್ದಿದೀನಿ, ಜಾಗಕ್ಕೆ ಅಂತ ಒಂದು ಡಾಲರ್ ಕೊಟ್ಟಿಲ್ಲ.

ಮೊದಲು "ಪಾರ್ಕ್" ಅನ್ನೋ ಕಲ್ಪನೆ ಬಿಡಿ. ದೊಡ್ಡ ಗೇಟು, ಟಿಕೆಟ್ ಕೌಂಟರ್ ಯಾವುದೂ ಇಲ್ಲ. 60 ಲಕ್ಷ ಎಕರೆಯ ಗಡಿಯೊಳಗೆ ಊರುಗಳಿವೆ, ಶಾಲೆ ಇದೆ, ಪೆಟ್ರೋಲ್ ಬಂಕ್ ಇದೆ. ಅದರಲ್ಲಿ ಸುಮಾರು 26 ಲಕ್ಷ ಎಕರೆ ಮಾತ್ರ ಸರ್ಕಾರಿ ಕಾಡು. ಮಾತ್ರ ಅಂದೆ, ಅದೇ ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟಾಯ್ತು! ಉಳಿದದ್ದರಲ್ಲಿ ಬಹುಪಾಲು ಖಾಸಗಿ, ಹಾಗಾಗಿ ನಕ್ಷೆ ನೋಡದೆ ಎಲ್ಲೆಂದರಲ್ಲಿ ಗೂಟ ಹೊಡೆಯೋ ಹಾಗಿಲ್ಲ.

ನೆನಪಿಡಬೇಕಾದ ಮುಖ್ಯ ಲೆಕ್ಕ 150 ಅಡಿ. ರಸ್ತೆ, ಕಾಲುದಾರಿ, ಹಳ್ಳ, ಕೆರೆ, ಒರತೆ, ಇವುಗಳಿಂದ 150 ಅಡಿ ದೂರದಲ್ಲಿ ಟೆಂಟ್ ಹಾಕಬೇಕು. ನನ್ನ ಕಾಲಿಗೆ ಎಪ್ಪತ್ತು ಹೆಜ್ಜೆ. ಅದಕ್ಕಿಂತ ಹತ್ತಿರ ಹಾಕಬೇಕಾದರೆ ಅಲ್ಲಿ ಮರಕ್ಕೆ ಹಳದಿ ಬಣ್ಣದ ದುಂಡು ಬಿಲ್ಲೆ ಹೊಡೆದಿರಬೇಕು, ಇಲ್ಲಿ ಕ್ಯಾಂಪ್ ಮಾಡಿ ಅಂತ. ನೀರಿನ ಪಕ್ಕದ ಒಳ್ಳೊಳ್ಳೆ ಜಾಗಕ್ಕೆಲ್ಲ ಬಿಲ್ಲೆ ಇರುತ್ತೆ. ಮೊದಲು ಬಂದವರಿಗೆ ಜಾಗ. ಒಂದೇ ಕಡೆ ಮೂರು ರಾತ್ರಿಗಿಂತ ಹೆಚ್ಚು ಇರೋದಾದ್ರೆ, ಅಥವಾ ಹತ್ತು ಜನ ಇಲ್ಲವೇ ಅದಕ್ಕಿಂತ ಹೆಚ್ಚಿದ್ರೆ ಆ ಭಾಗದ ಫಾರೆಸ್ಟ್ ರೇಂಜರ್ ಹತ್ತಿರ ಪರ್ಮಿಟ್ ತಗೋಬೇಕು. ಅದೂ ಪುಕ್ಕಟೆ.

ನಿಮ್ಮಮ್ಮನ ಮಂಡಿಗೆ ಮೂಸ್ ರಿವರ್ ಪ್ಲೇನ್ಸ್ ಸರಿ. ಇನ್‌ಲೆಟ್ ಅನ್ನೋ ಊರಿಂದ ಇಂಡಿಯನ್ ಲೇಕ್ ಕಡೆಗೆ ಕಾಡೊಳಗೆ ಒಂದು ಮಣ್ಣು ರಸ್ತೆ ಇದೆ, ಅದರ ಬದಿಯಲ್ಲೇ ಹತ್ತಾರು ಟೆಂಟ್ ಜಾಗ. ಕಾರು ಪಕ್ಕದಲ್ಲೇ ನಿಲ್ಲುತ್ತೆ. ಬೆಂಕಿ ಹಾಕೋಕೆ ಕಲ್ಲಿನ ಒಲೆ, ಬಹಳ ಕಡೆ ಗುಂಡಿ ಕಕ್ಕಸಿನ ಗೂಡು. ನಲ್ಲಿ, ಕರೆಂಟು, ಸಿಗ್ನಲ್, ಕಸದ ಡಬ್ಬಿ ಇಲ್ಲ. ಬಾಗಿಲಲ್ಲಿ ರಿಜಿಸ್ಟರ್ ಪುಸ್ತಕ ಇರುತ್ತೆ, ಹೆಸರು ಬರೆದೇ ಒಳಗೆ ಹೋಗಿ. ನೀವು ಕಳೆದುಹೋದರೆ ಹುಡುಕೋದಕ್ಕೆ ಅದೊಂದೇ ದಾಖಲೆ.

ಮಂಡ್ಯ ಮಗಾ, ಪಾರ್ಸಿಪನಿ · ಜೂನ್ 9

ಅಕ್ಕ, ಬಿಟ್ಟಿ ಅಂತ ಖುಷಿ ಪಡ್ಬೇಡಿ. ನಮ್ ಕಡೆ ಬಿಟ್ಟಿ ಚಾಕ್ರಿ ಅಂತಾರಲ್ಲ, ಆ ಬಿಟ್ಟಿ ಇದು. ನೀರು ನಾವೇ ಹೊರೋದು, ಸೋಸೋದು ನಾವೇ, ಗುಂಡಿ ತೋಡೋದು ನಾವೇ, ಕಸ ಮನೆಗಂಟ ತರೋದೂ ನಾವೇ. ಹೋದ್ ವರ್ಷ ಒಂದು ರಾತ್ರಿ ಮಲಗಿದ್ದೆ ಕಣಕ್ಕ, ಬೆಳಿಗ್ಗೆ ಸೊಂಟ ನಂದಾ ಇನ್ನೊಬ್ಬರದ್ದಾ ಗೊತ್ತಾಗ್ಲಿಲ್ಲ.

ಕಾಡುಪಾಪ ಅಣ್ಣ, ನಂದೂ ಒಂದು ಪ್ರಶ್ನೆ. ನಮ್ ಕೂಟದೋರು 22 ಜನ ಹೊರಟವ್ರೆ. ಸ್ಪೀಕರ್ ತರ್ತಾರಂತೆ, ಅಂತ್ಯಾಕ್ಷರಿ ಐತಂತೆ. ಆಯ್ತದಾ?

ರಾಚೆಸ್ಟರ್ ರಾಯರು · ಜೂನ್ 9

ಆಗುವುದಿಲ್ಲ. ದಯವಿಟ್ಟು ಹಣ ಕೊಟ್ಟು ಯಾವುದಾದರೂ ಕ್ಯಾಂಪ್‌ಗ್ರೌಂಡಿನ ಗ್ರೂಪ್ ಸೈಟ್ ಹಿಡಿಯಿರಿ. ಅಲ್ಲಿ ಬಿಸಿನೀರೂ ಇರುತ್ತದೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಊರು, ರಸ್ತೆಯ ಹೆಸರು ಹೇಳಿದ್ದು ಸಾಕು. ಇಂಥ ನಂಬರಿನ ಜಾಗ, ಇಂಥ ತಿರುವು, ನದಿ ಪಕ್ಕ ಅಂತೆಲ್ಲ ಬರೆಯಬೇಡಿ. ಐದಾರು ವರ್ಷದ ಹಿಂದೆ ಕೆರೆಯೊಂದರ ಪಕ್ಕದ ನಮ್ಮ ಅಚ್ಚುಮೆಚ್ಚಿನ ಜಾಗದ ಫೋಟೋವನ್ನು ನಾನೇ ಒಂದು ಗುಂಪಿನಲ್ಲಿ ಹಾಕಿದ್ದೆ. ಮರುವರ್ಷ ಹೋದಾಗ ಕಲ್ಲಿನ ಒಲೆ ಒಂದಿದ್ದದ್ದು ನಾಲ್ಕಾಗಿತ್ತು, ಬರ್ಚ್ ಮರದ ತೊಗಟೆಯನ್ನು ಕೈಗೆಟುಕುವಷ್ಟು ಎತ್ತರದವರೆಗೂ ಸುಲಿದಿದ್ದರು. ಬೂದಿಯಲ್ಲಿ ಅರ್ಧ ಬೆಂದ ಹಲ್ದಿರಾಮ್ ಪೊಟ್ಟಣ. ಯಾರ ಮೇಲೆ ಸಿಟ್ಟು ಮಾಡುವುದು?

ಕಾಡುಪಾಪ, ಆಲ್ಬನಿ · ಜೂನ್ 9

ರಾಯರೇ, ಒಪ್ಪಿದೆ. ನಂಬರ್ ಹಾಕಲ್ಲ. ಆದ್ರೆ ಹೊಸಬರು ಗೊತ್ತಿಲ್ಲದೆ ಹೈ ಪೀಕ್ಸ್ ಅನ್ನೋ ಎತ್ತರದ ಬೆಟ್ಟಗಳ ಕಡೆಗೇ ನುಗ್ಗಿ ಅಲ್ಲಿ ಜಾತ್ರೆ ಮಾಡೋದಕ್ಕಿಂತ ಇದು ವಾಸಿ ಅಲ್ವಾ?

ಧಾರವಾಡದಾಂವ, ಬಫಲೋ · ಜೂನ್ 10

ಬಿಟ್ಟಿ ಹೆಂಗ ಸಿಗತದ ಅನ್ನೋದೂ ಗೊತ್ತಿರಲಿ ನೋಡ್ರಿ, ನನಗ ಇದರಾಗ ಭಾಳ ಆಸಕ್ತಿ.

ಹತ್ತೊಂಬತ್ತನೇ ಶತಮಾನದಾಗ ಈ ಗುಡ್ಡ ಎಲ್ಲಾ ಕಡದು ಬೋಳ ಮಾಡ್ಲಿಕ್ಕೆ ಹತ್ತಿದ್ರು. ಕಟಗಿ, ಚರ್ಮ ಹದ ಮಾಡೋ ತೊಗಟಿ, ಇದ್ದಿಲು, ಎಲ್ಲಾದಕ್ಕೂ ಇದೇ ಕಾಡ ಬೇಕಾಗಿತ್ತು. ಆಮ್ಯಾಲ ನ್ಯೂಯಾರ್ಕಿನ ವ್ಯಾಪಾರಸ್ಥರಿಗೇ ಹೆದರಿಕಿ ಹತ್ತಿತು: ಕಾಡ ಹೋದ್ರ ಹಡ್ಸನ್ ನದಿಗೆ ನೀರ ಎಲ್ಲಿಂದ ಬರಬೇಕು, ಈರಿ ಕಾಲುವಿ ಬತ್ತಿದ್ರ ದೋಣಿ ಹೆಂಗ ಓಡಬೇಕು? 1885ಕ್ಕ ಕಾಯ್ದೆ ಮಾಡಿ ಸರಕಾರಿ ಕಾಡ ಅಂತ ಕಾದಿಟ್ರು. 1892ಕ್ಕ ನಕಾಶೆ ಮ್ಯಾಲ ನೀಲಿ ಗೆರಿ ಎಳದ್ರು, ಅದಕ್ಕ ಇವತ್ತಿಗೂ ಆ ಗಡಿಗೆ ನೀಲಿ ಗೆರಿ ಅಂತನ ಹೆಸರು. ಕಾಯ್ದೆ ಇದ್ರೂ ಕಳ್ಳತನ ನಿಲ್ಲಲಿಲ್ಲ. ಅದಕ್ಕ 1894ಕ್ಕ ರಾಜ್ಯದ ಸಂವಿಧಾನದಾಗ ಬರದುಬಿಟ್ರು: ಈ ಕಾಡ ಯಾವತ್ತೂ ಕಾಡಾಗೇ ಇರಬೇಕು, ಮಾರೂ ಹಂಗಿಲ್ಲ, ಗುತ್ತಿಗಿ ಕೊಡೂ ಹಂಗಿಲ್ಲ, ಮರ ಕಡಿಯೂ ಹಂಗಿಲ್ಲ.

ಇದು ಬರೇ ಕಾಗದದ ಮಾತಲ್ಲರೀ. 1932ರ ಚಳಿಗಾಲದ ಒಲಿಂಪಿಕ್ಸ್ ಇದೇ ನೀಲಿ ಗೆರಿ ಒಳಗಿನ ಲೇಕ್ ಪ್ಲಾಸಿಡ್ ಊರಾಗ ಇತ್ತು. ಬಾಬ್‌ಸ್ಲೆಡ್ ಅನ್ನೋ ಜಾರುಬಂಡಿಗೆ ಜಾರುದಾರಿ ಮಾಡ್ಲಿಕ್ಕೆ ಸುಮಾರು 2,500 ಮರ ಕಡೀಬೇಕಿತ್ತು. 1930ಕ್ಕ ರಾಜ್ಯದ ಅತಿ ದೊಡ್ಡ ಕೋರ್ಟು, ಒಲಿಂಪಿಕ್ಸ್ ಆದ್ರೇನು ಅಂದು ತಡೀತು. ಬ್ಯಾರೆ ಜಾಗಾ ನೋಡ್ಕೋಬೇಕಾತು. ಇವತ್ತು ಅಲ್ಲೊಂದು ಸಣ್ಣ ತುಂಡು ಜಮೀನು ಅದಲು ಬದಲು ಮಾಡಬೇಕಂದ್ರೂ ಸಾಮಾನ್ಯವಾಗಿ ಶಾಸನಸಭೆ ಎರಡು ಸಲ ಒಪ್ಪಬೇಕು, ಮ್ಯಾಲ ಮಂದಿ ಓಟು ಹಾಕಬೇಕು. ನೀವು ಪುಕ್ಕಟೆ ಮಲಗೋ ಹಾಸಿಗಿ ಹಿಂದ ಇಷ್ಟು ಜಗಳ ಅದ.

ಜಯನಗರ ಫೋರ್ತ್ ಬ್ಲಾಕ್ · ಜೂನ್ 10

ಓದಿ ಹೊಟ್ಟೆ ಉರೀತಿದೆ. ನಮ್ಮಲ್ಲಿ ಯಾಕೆ ಹೀಗಿಲ್ಲ? ಕುಮಾರಪರ್ವತದ ತುದೀಲಿ ರಾತ್ರಿ ಉಳಿಯೋ ಹಾಗಿಲ್ಲ, ಹತ್ತೋಕೂ ಆನ್‌ಲೈನ್ ಬುಕಿಂಗ್. ಕಾಡು ಅಂದ್ರೆ ಬರೀ ಪರ್ಮಿಷನ್ನು.

ಕಾಡುಪಾಪ, ಆಲ್ಬನಿ · ಜೂನ್ 10

ಸರ್, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಚೆಕ್‌ಪೋಸ್ಟ್ ಮುಂದೆ ನಿಂತಿದ್ದ ಸಾಲಿನ ವಿಡಿಯೋ ನೋಡಿದ್ರಲ್ಲ? ಬುಕಿಂಗ್ ಬಂದಿದ್ದು ಅದರ ಬೆನ್ನಿಗೆ. ಇನ್ನೊಂದು, ನೀಲಿ ಗೆರೆಯೊಳಗೆ ವರ್ಷಪೂರ್ತಿ ವಾಸ ಮಾಡೋರು ಹೆಚ್ಚುಕಡಿಮೆ 1,30,000 ಜನ ಅಷ್ಟೆ. ಇಲ್ಲಿ ರಾತ್ರಿ ಟೆಂಟಿನ ಹೊರಗೆ ಸರಸರ ಅಂದ್ರೆ ರಕೂನೋ ಮೊಲವೋ. 2023ರ ಎಣಿಕೆ ಪ್ರಕಾರ ಕರ್ನಾಟಕದಲ್ಲಿ 6,395 ಆನೆ. ನಾಗರಹೊಳೆ ಕಡೆ ಹಳದಿ ಬಿಲ್ಲೆ ಹೊಡೆದು ಇಲ್ಲಿ ಮಲಗಿ ಅಂದ್ರೆ ನೀವು ಮಲಗ್ತೀರಾ?

ಜಯನಗರ ಫೋರ್ತ್ ಬ್ಲಾಕ್ · ಜೂನ್ 10

ನಾನು ಮಲಗಲ್ಲ. ಆದ್ರೂ ಹೊಟ್ಟೆ ಉರೀತಿದೆ.

ಹೊಸನಗರದವಳು, ಎಡಿಸನ್ · ಜೂನ್ 10

ಎಲ್ಲರಿಗೂ ಥ್ಯಾಂಕ್ಸ್. ಧಾರವಾಡದವರು ಬರೆದಿದ್ದನ್ನ ಅಪ್ಪಂಗೆ ಓದಿ ಹೇಳಿದೆ, "ಮರ ಕಡೀಬಾರ್ದು ಅಂತ ಸಂವಿಧಾನದಲ್ಲೇ ಬರ್ದಿದಾರಾ?" ಅಂತ ಎರಡು ಸಲ ಕೇಳಿದ್ರು. ಈಗ ಹೋಗ್ಲೇಬೇಕು.

ಕರಡಿ ವಿಷಯ ಯಾರೂ ಹೇಳ್ಲಿಲ್ಲ. ಮತ್ತೆ ಅಲ್ಲಿ ಉಂಬಳ ಇದೆಯಾ ಅಂತ ಅಮ್ಮ ಕೇಳ್ತಿದಾರೆ.

ಕಾಡುಪಾಪ, ಆಲ್ಬನಿ · ಜೂನ್ 10

ಇಲ್ಲಿರೋದು ಕಪ್ಪು ಕರಡಿ. ಅದಕ್ಕೆ ನಿಮಗಿಂತ ನಿಮ್ಮ ಪುಳಿಯೋಗರೆ ಮುಖ್ಯ. ಹೈ ಪೀಕ್ಸ್‌ನ ಪೂರ್ವ ಭಾಗದಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ರಾತ್ರಿ ಉಳಿಯೋರೆಲ್ಲ ತಿಂಡಿಯನ್ನ ಕರಡಿ-ಡಬ್ಬಿಯಲ್ಲೇ ಇಡಬೇಕು ಅಂತ ನಿಯಮ. ನೀವು ಹೋಗೋ ಕಡೆಗೂ ತಗೊಂಡು ಹೋಗೋದು ಒಳ್ಳೇದು. ಗಟ್ಟಿ ಪ್ಲಾಸ್ಟಿಕ್ಕಿನ ಡ್ರಮ್ಮು ಅಂದ್ಕೊಳ್ಳಿ, ಮುಚ್ಚಳ ತಿರುಗಿಸಿ ಒತ್ತಿದ್ರೆ ಮಾತ್ರ ತೆಗೆಯೋಕೆ ಬರೋದು.

ಆ ಭಾಗದಲ್ಲಿ ಒಂದು ಹೆಣ್ಣು ಕರಡಿ ಇತ್ತು. ಎರಡೂ ಕಿವಿಗೆ ಹಳದಿ ಚೀಟಿ ಹಾಕಿದ್ದಕ್ಕೆ "ಯೆಲ್ಲೋ-ಯೆಲ್ಲೋ" ಅಂತಲೇ ಹೆಸರಾಯ್ತು. ಹೆಸರುವಾಸಿ ಡಬ್ಬಿಯೊಂದರ ಗುಟ್ಟನ್ನ ಅದು ಹಲ್ಲಲ್ಲೇ ಬಿಡಿಸಿಬಿಡ್ತು. ತಯಾರಕರು ಮುಚ್ಚಳಕ್ಕೆ ಇನ್ನೊಂದು ಕೊಂಡಿ ಸೇರಿಸಿದ್ರು, ಅದನ್ನೂ ತೆಗೀತು! ಬೇರೆ ಕರಡಿಗಳು ಕಲ್ಲು ಮರಕ್ಕೆ ಕುಟ್ಟಿ ಸುಸ್ತಾಗ್ತಿದ್ದ ಡಬ್ಬಿ ಅದು. 2012ರ ಬೇಟೆ ಸೀಸನ್ನಿನಲ್ಲಿ ಯಾರೋ ಹೊಡೆದ್ರು. ನಾನು ಆ ಕರಡಿಯನ್ನ ಕಂಡವನಲ್ಲ, ಸುದ್ದಿ ಕೇಳಿ ಬೇಜಾರಂತೂ ಆಯ್ತು.

ಡಬ್ಬಿ ಕೊಳ್ಳಬೇಡಿ, ನಂದು ಒಂದಿದೆ. ಆಲ್ಬನಿ ಮೇಲೇ ಹೋಗ್ತೀರಲ್ಲ, ತಗೊಂಡು ಹೋಗಿ. ತಿಂಡಿ ಒಂದೇ ಅಲ್ಲ, ವಾಸನೆ ಬರೋದೆಲ್ಲ ಒಳಗೆ ಹೋಗಬೇಕು. ಟೂತ್‌ಪೇಸ್ಟ್, ಸೋಪು, ಚಟ್ನಿಪುಡಿ, ಲಿಪ್‌ಬಾಮ್. ಒಲೆಯ ಜಾಗ, ಡಬ್ಬಿ ಇಡೋ ಜಾಗ ಎರಡೂ ಟೆಂಟಿಂದ ದೂರ ಇರಲಿ. ಇಂಗಿನ ಒಗ್ಗರಣೆ ಆ ಎರಡು ದಿನ ಬೇಡ. ಉಪ್ಪಿಟ್ಟನ್ನ ಮನೇಲೇ ಹುರಿದು ಮಿಕ್ಸ್ ಮಾಡ್ಕೊಳ್ಳಿ, ಬಿಸಿನೀರು ಹಾಕಿದ್ರೆ ಮುಗೀತು.

ಶಿರಸಿ ಸಿಸ್ಟರ್, ಸ್ಕ್ರ್ಯಾಂಟನ್ · ಜೂನ್ 11

ಉಂಬಳ ಮರದಿಂದ, ಎಲೆಯಿಂದ ಹತ್ತೋ ಪಂಚಾಯ್ತಿ ಅಲ್ಲಿಲ್ಲ. ಇರೋದು ಉಣುಗು. ನಿಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? ಉಣುಗಿಂದ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಡೆಪಾ ತೈಲ ಹಚ್ಚಿ ಅಂತ ಹೇಳೋದನ್ನ ಅಪ್ಪ-ಅಮ್ಮ ಕೇಳಿರ್ತಾರೆ. ಇಲ್ಲಿ ಅದೇ ಉಣುಗಿನ ಇನ್ನೊಂದು ಜಾತಿ ಲೈಮ್ ಕಾಯಿಲೆ ತರುತ್ತೆ. ಮರಿ ಉಣುಗು ಗಸಗಸೆ ಕಾಳಿನಷ್ಟು, ಕಣ್ಣಿಗೆ ಬೀಳೋದೇ ಕಷ್ಟ.

ಬಟ್ಟೆ, ಶೂಗೆ ಪರ್ಮೆಥ್ರಿನ್ ಹೊಡೆದು ಪೂರ್ತಿ ಒಣಗಿಸಿ. ಮೈಗೆ ಹಚ್ಚೋದಲ್ಲ ಅದು. ಮನೇಲಿ ಬೆಕ್ಕಿದ್ರೆ ಹಸಿ ಸ್ಪ್ರೇ ಹತ್ರ ಬಿಡಬೇಡಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ. ರಾತ್ರಿ ಮಲಗೋ ಮುಂಚೆ ಮಗೂನ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ನೋಡಿ. ಕಚ್ಚಿಕೊಂಡಿದ್ರೆ ಚಿಮುಟದಲ್ಲಿ ಚರ್ಮದ ಹತ್ರ ಹಿಡಿದು ನೇರಕ್ಕೆ ಎಳೀರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಪ್ರಯೋಗ ಮಾಡ್ಬೇಡಿ. ಸಾಮಾನ್ಯವಾಗಿ 24 ತಾಸಿನ ಮೇಲೆ ಕಚ್ಚಿಕೊಂಡಿದ್ರೆ ಲೈಮ್ ಹರಡೋದು, ಹಾಗಾಗಿ ದಿನಾ ನೋಡೋದರಲ್ಲೇ ಅರ್ಧ ರಕ್ಷಣೆ.

ಕಪ್ಪು ನೊಣದ ಕಾಟ ಮೇ ಮಧ್ಯದಿಂದ ಜೂನ್ ಕೊನೆವರೆಗೆ. ಜುಲೈಯಲ್ಲಿ ಸೊಳ್ಳೆಗೆ ತಯಾರಾಗಿ. ನೀರು ಎಷ್ಟೇ ತಿಳಿಯಾಗಿ ಕಂಡ್ರೂ ಸೋಸಿ, ಇಲ್ಲ ಕುದಿಸಿ. ಬೀವರ್ ಇರೋ ಹಳ್ಳದ ನೀರು ಕುಡಿದು ಜಿಯಾರ್ಡಿಯಾ ಅನ್ನೋ ಹೊಟ್ಟೆ ಕಾಯಿಲೆಯಲ್ಲಿ ನರಳಿದೋರನ್ನ ಕಂಡಿದೀನಿ.

ಮಂಡ್ಯ ಮಗಾ, ಪಾರ್ಸಿಪನಿ · ಜೂನ್ 11

ಯಾರೂ ಕೇಳ್ದೇ ಇರೋದ ನಾನೇ ಕೇಳ್ತೀನಿ. ಚೊಂಬು?

ರಾಚೆಸ್ಟರ್ ರಾಯರು · ಜೂನ್ 11

ಕೇಳಬೇಕಾದ ಪ್ರಶ್ನೆಯೇ. ಕಕ್ಕಸಿನ ಗೂಡು ಇದ್ದರೆ ಅದರಲ್ಲೇ ಹೋಗಿ. ಇಲ್ಲದಿದ್ದರೆ ನೀರು, ದಾರಿ, ಟೆಂಟು ಮೂರರಿಂದಲೂ 150 ಅಡಿ ದೂರದಲ್ಲಿ ಆರರಿಂದ ಎಂಟು ಇಂಚು ಆಳದ ಗುಂಡಿ, ಆಮೇಲೆ ಅದೇ ಮಣ್ಣು, ಎಲೆ ಮುಚ್ಚಿ. ಚೊಂಬನ್ನು ಕೆರೆಯಲ್ಲಿ ಅದ್ದಿ ಅಲ್ಲೇ ಕೆಲಸ ಮುಗಿಸುವವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಪಾತ್ರೆ ತೊಳೆಯುವುದೂ ಹಾಗೇ, ನೀರಿನಿಂದ ದೂರ.

ಇನ್ನು ಸೌದೆ. ನ್ಯೂಜೆರ್ಸಿಯಿಂದ ಕಟ್ಟಿಕೊಂಡು ಹೋಗಬೇಡಿ. ಶಾಖದಲ್ಲಿ ಒಣಗಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸಬಾರದೆಂಬ ನಿಯಮ 2009ರಿಂದ ಇದೆ. ಸೌದೆಯೊಳಗೆ ಕೂತು ಬರುವ ಹುಳು ಆಶ್ ಜಾತಿಯ ಮರಗಳನ್ನು ಸಾಲುಸಾಲಾಗಿ ಕೊಂದಿದೆ. ಅಲ್ಲೇ ಬಿದ್ದ ಒಣಗಿದ ಕಟ್ಟಿಗೆ ಆರಿಸಿಕೊಳ್ಳಿ. ನಿಂತ ಮರ ಒಣಗಿದ್ದರೂ ಮುಟ್ಟುವ ಹಾಗಿಲ್ಲ.

ಹೊಸನಗರದವಳು, ಎಡಿಸನ್ · ಜುಲೈ 22

ಹೋಗಿ ಬಂದ್ವಿ. ವರದಿ ಕೊಡೋದು ತಡ ಆಯ್ತು.

ಗುರುವಾರ ಬೇಗ ಹೊರಡಬೇಕು ಅಂತಿದ್ದೋರು ಅಮ್ಮನ ಚಪಾತಿ ಮುಗಿಯೋ ಹೊತ್ತಿಗೆ ಹತ್ತು ಗಂಟೆ. ಆಲ್ಬನಿಯಲ್ಲಿ ಕಾಡುಪಾಪ ಅವರ ಮನೇಲಿ ಡಬ್ಬಿ ತಗೊಂಡ್ವಿ, ಅವರ ಹೆಂಡತಿ ಊಟ ಮಾಡದೆ ಬಿಡ್ಲಿಲ್ಲ. ಇನ್‌ಲೆಟ್ ದಾಟಿ ರಿಜಿಸ್ಟರಲ್ಲಿ ಹೆಸರು ಬರೆದಾಗ ಸಂಜೆ ಆರು. ಮೊದಲ ಜಾಗಗಳಲ್ಲೆಲ್ಲ ಜನ ಇದ್ರು. ಮಣ್ಣು ರಸ್ತೆ, ಕಾರು ತೆವಳ್ತಿತ್ತು, ಮಗಳು ಹಸಿವು ಅಂತ ಶುರು ಮಾಡಿದ್ಲು. ಒಂದು ಕಡೆ ಹಳ್ಳದ ಪಕ್ಕ ಚಂದದ ಹುಲ್ಲು ಜಾಗ, ಹಳೇ ಒಲೆಯ ಕಲ್ಲು ಬೇರೆ ಇತ್ತು. ಇಳಿದು ಟೆಂಟ್ ಹಾಕೇಬಿಟ್ವಿ. ಬಿಲ್ಲೆ ನೋಡ್ಬೇಕು ಅಂತ ನನ್ನ ತಲೇಲಿ ಇತ್ತು, ಆ ಹೊತ್ತಿಗೆ ಬೇಡ ಅನ್ನಿಸ್ತು. ತಪ್ಪು ನಂದೇ.

ಎಂಟು ಗಂಟೆಗೆ ಹಸಿರು ಅಂಗಿಯ ರೇಂಜರ್ ಒಬ್ಬರು ಬಂದ್ರು. ನಮಗೆ ಎದೆ ಧಸಕ್ಕಂತು. ಅವರು ದಂಡ ಗಿಂಡ ಅನ್ನಲಿಲ್ಲ, ಹಳ್ಳ ತೋರಿಸಿದ್ರು, ಟೆಂಟ್ ತೋರಿಸಿದ್ರು, ನಕ್ಕರು. ಸ್ವಲ್ಪ ಮುಂದೆ ಒಂದು ಬಿಲ್ಲೆ ಜಾಗ ಖಾಲಿ ಇದೆ, ಕತ್ತಲಾಗೋದರೊಳಗೆ ಅಲ್ಲಿಗೆ ಹೋಗಿ ಅಂದ್ರು. ಟೆಂಟ್ ಬಿಚ್ಚಿ ಮತ್ತೆ ಕಟ್ಟೋ ಶಕ್ತಿ ಯಾರಿಗೂ ಇರಲಿಲ್ಲ. ಅಪ್ಪ ಹೇಳಿದ್ರು, "ಗೂಟ ಮಾತ್ರ ಕೀಳ್ರೋ, ಹಾಗೇ ಎತ್ತೋಣ." ಕಡ್ಡಿ ಸಮೇತ ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಎತ್ತಿದ್ವಿ, ಎಂಟು ವರ್ಷದವಳೂ ಒಂದು ಮೂಲೆ. ಒಳಗಿದ್ದ ಸ್ಲೀಪಿಂಗ್ ಬ್ಯಾಗ್‌ಗಳು ಒಂದು ಕಡೆಗೆ ಉರುಳಿ ಟೆಂಟು ವಾಲ್ತಿತ್ತು. ಅಮ್ಮ ಟಾರ್ಚ್ ಹಿಡಿದು ಮುಂದೆ. ಕಾಡಿನ ರಸ್ತೆಯಲ್ಲಿ ಥೇಟ್ ಪಲ್ಲಕ್ಕಿ ಉತ್ಸವ. ಎದುರಿಂದ ಬಂದ ಟ್ರಕ್ಕಿನವರು ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಟ್ರು, ಟೋಪಿ ತೆಗೆದ್ರು ಬೇರೆ.

ಆ ರಾತ್ರಿ ಮಳೆ. ಅಪ್ಪ ಟೆಂಟ್ ಸುತ್ತ ಬಸಿಗಾಲುವೆ ತೋಡ್ತೀನಿ ಅಂತ ಎದ್ದರು, ನೆಲ ಅಗೆಯೋದು ಬೇಡ ಅಂತ ಕೂರಿಸಿದೆ. ಆಗ ಟಾರ್ಪಾಲನ್ನ ಬಿಚ್ಚಿ, ಗಾಳಿ ಬರೋ ಕಡೆಗೆ ತಗ್ಗಿಸಿ ಕಟ್ಟಿದ್ರು. ಯೂಟ್ಯೂಬ್ ನೋಡಿ ನಾವು ಕಟ್ಟಿದ್ದು ಹತ್ತು ನಿಮಿಷಕ್ಕೆ ನೀರು ತುಂಬಿ ಜೋಲಿ ಆಗಿತ್ತು, ಅವರದ್ದು ಬೆಳಗಿನವರೆಗೆ ಒಂದು ಹನಿ ಬಿಡಲಿಲ್ಲ.

ಮಳೆ ನಿಂತ ಮೇಲೆ ಯಾವುದೋ ನೀರಿನ ಕಡೆಯಿಂದ ಲೂನ್ ಹಕ್ಕಿ ಕೂಗ್ತು. ಅಮ್ಮ ಎದ್ದು ಕೂತು, "ಯಾರೋ ಹೆಂಗಸು ಅಳ್ತಿದಾಳೆ ಕಣೇ, ಹೋಗಿ ನೋಡಿ" ಅಂತ ನಮ್ಮೆಜಮಾನ್ರನ್ನ ಎಬ್ಬಿಸಿದ್ರು. ಹಕ್ಕಿ ಅಂದ್ರೆ ನಂಬಲೇ ಇಲ್ಲ. ಅಪ್ಪ ಮಾತ್ರ ಮಗ್ಗುಲು ತಿರುಗಿಸಿ, "ಹಕ್ಕಿನೇ. ಮಲ್ಕೋ" ಅಂದ್ರು.

ಸುಮಾರು ಒಂದು ಗಂಟೆಗೆ ನನಗೆ ಟೆಂಟಿನೊಳಗೆ ಗಾಢ ವಾಸನೆ. ನೋಡಿದ್ರೆ ಅಮ್ಮನ ದಿಂಬಿನ ಕೆಳಗೆ ಅಮೃತಾಂಜನದ ಬಾಟ್ಲಿ! "ಅದು ತಿಂಡಿ ಅಲ್ವಲ್ಲ" ಅನ್ನೋದು ಅವರ ವಾದ. ಒದ್ದೆ ಹುಲ್ಲಲ್ಲಿ ಟಾರ್ಚ್ ಹಿಡಿದು ಹೋಗಿ ಡಬ್ಬಿಗೆ ಹಾಕಿ ಬಂದೆ. ಹಾಗೇ ಅಪ್ಪನ ಎಲೆಯಡಿಕೆ ಸಂಚಿಯನ್ನೂ.

ಕರಡಿ ಬರಲಿಲ್ಲ. ಉಣುಗು ಒಂದು ಸಿಕ್ತು, ನಮ್ಮೆಜಮಾನ್ರ ಕಾಲುಚೀಲದ ಮೇಲೆ, ಕಚ್ಚಿರಲಿಲ್ಲ. ಸಿಸ್ಟರ್, ಥ್ಯಾಂಕ್ಸ್. ಜುಲೈ ಆದ್ರೂ ಬೆಳಗಿನ ಜಾವ ಹಲ್ಲು ಕಟಕಟ ಅನ್ನೋ ಚಳಿ, ಕಂಬಳಿ ಹೆಚ್ಚು ಒಯ್ಯಿರಿ. ಬೆಳಿಗ್ಗೆ ಅಪ್ಪ ಬಾಲ್ಸಮ್ ಫರ್ ಮರದ ಬಿದ್ದ ಸೊಪ್ಪು ಉಜ್ಜಿ ಮೂಸಿ ಮೂಸಿ ಓಡಾಡ್ತಿದ್ರು. ಎರಡನೇ ರಾತ್ರಿ ಆದಮೇಲೆ ಇನ್ನೊಂದು ದಿನ ಇರೋಣ ಅಂತ ಹಟ ಹಿಡಿದೋರು ಅಮ್ಮ.

ಜಾಗದ ನಂಬರ್ ಹೇಳಲ್ಲ ರಾಯರೇ.

ರಾಚೆಸ್ಟರ್ ರಾಯರು · ಜುಲೈ 22

ಪಲ್ಲಕ್ಕಿಯ ಫೋಟೋ ಇದೆಯೇ? ಅದನ್ನು ಹಾಕಬಹುದು.

ಹೊಸನಗರದವಳು, ಎಡಿಸನ್ · ಜುಲೈ 22

ನಾಲ್ಕು ಜನರ ಎಂಟೂ ಕೈ ಟೆಂಟಿಗೆ, ಅಮ್ಮನ ಕೈ ಟಾರ್ಚಿಗೆ. ಯಾರು ತೆಗೀತಾರೆ ಸರ್?

ಮಂಡ್ಯ ಮಗಾ, ಪಾರ್ಸಿಪನಿ · ಜುಲೈ 23

ಅಕ್ಕ, ಆ ಕರಡಿ ಡಬ್ಬಿ ವಾಪಸ್ ಕೊಟ್ಟಾಯ್ತಾ? ಕೂಟದ 22 ಜನ ಕ್ಯಾನ್ಸಲ್ ಆದ್ರು. ನಾವು ಮೂರು ಜನ ಮುಂದಿನ ವಾರ ಹೊರಟಿದೀವಿ.

ಹೊಸನಗರದವಳು, ಎಡಿಸನ್ · ಜುಲೈ 23

ಇನ್ನೂ ಇಲ್ಲೇ ಇದೆ. ಮೂರು ಸಲ ತೊಳೆದೆ, ಅಮೃತಾಂಜನದ ವಾಸನೆ ಹೋಗಿಲ್ಲ. ಉಪ್ಪಿಟ್ಟಿಗೆ ಹತ್ತಬಹುದು, ಪರವಾಗಿಲ್ವಾ?

ಕಾಡುಪಾಪ, ಆಲ್ಬನಿ · ಜುಲೈ 23

ಕೊಡಿ ಮೇಡಂ, ಪರವಾಗಿಲ್ಲ. ಮಂಡ್ಯದವ್ರೇ, ವಾಪಸ್ ಕೊಡುವಾಗ ಮುಚ್ಚಳದ ಸಮೇತ ಕೊಡಿ. ಹೋದ್ಸಲ ಒಯ್ದೋರು ಬರೀ ಡಬ್ಬಿ ತಂದಿದ್ರು.